ನೆಲಕ್ಕೆ ತಾಗದ ಬಾಲ

ಹೋದ ತಿಂಗಳು ನೆಂಟರ ಮದುವೆಗೆಂದು ತರೀಕೆರೆಗೆ ಹೋಗಿದ್ದೆ. ಛತ್ರದ ಪಕ್ಕದಲ್ಲೇ ಒಂದು ಶಿಶುವಿಹಾರ. ಅದರ ಕಾಂಪೌಂಡ್ ಗೋಡೆಗೆ ಯುವಕನೊಬ್ಬ ಬಣ್ಣ ಬಳಿಯುತ್ತಿದ್ದ. ಅಡುಗೆಮನೆಯ ಒಗ್ಗರಣೆ ಘಮವನ್ನು ದಾಟಿಕೊಂಡು ಟರ್ಪೆಂಟೈನ್ ವಾಸನೆ ನನ್ನ ಮೂಗಿಗೆ ಬಂತು, ಊಟದ ಪಂಕ್ತಿ ಬಿಟ್ಟು ಎದ್ದು ಹೋದೆ. ಗೋಡೆಯ ಮೇಲೆ ಉದ್ದ ಕತ್ತಿನ ಒಂದು ಡೈನೋಸಾರ್ ನಿಂತಿತ್ತು. ಅದರ ಬಾಲ ಬೆನ್ನಿನ ಸಮಕ್ಕೆ ಗಾಳಿಯಲ್ಲಿ ಚಾಚಿತ್ತು.

"ಏನಪ್ಪಾ, ಬಾಲ ಎತ್ತಿ ಬರ್ದಿದೀಯಲ್ಲ, ನೆಲದ ಮೇಲೆ ಬಿಡಬಾರ್ದಾ?" ಎಂದು ಬೇಕೆಂದೇ ಕೇಳಿದೆ.

ಅವನು ಕುಂಚ ನಿಲ್ಲಿಸದೆ ಹೇಳಿದ: "ಇಲ್ಲಮ್ಮ, ಇವು ಬಾಲ ಎತ್ಕೊಂಡೇ ನಡೀತಿದ್ವು. ಅದು ಎಲ್ರಿಗೂ ಗೊತ್ತಿರೋದೇ."

ಎಲ್ಲರಿಗೂ ಗೊತ್ತಿರುವುದು ನಿಜ. ಆದರೆ ನಾನು ಇದೇ ಊರಿನಲ್ಲಿ ಟೀಚರಾಗಿದ್ದಾಗ ಅದು ಎಲ್ಲರಿಗೂ ಗೊತ್ತಿರಲಿಲ್ಲ. ತರೀಕೆರೆಯಲ್ಲಿ ಮೂರೇ ಜನಕ್ಕೆ ಗೊತ್ತಿತ್ತು. ಆ ಮೂವರಲ್ಲಿ ನಾನೊಬ್ಬಳು.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಕೆಲಸ ಸಿಕ್ಕಿತ್ತು, ಖಾಯಂ ಆಗಿರಲಿಲ್ಲ. ನಮ್ಮೂರು ಅಜ್ಜಂಪುರ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದೆ. ಅಪ್ಪ ಮರುಳಸಿದ್ದಪ್ಪ ಬೇಸಾಯಗಾರರು. ಅಮೃತಮಹಲ್ ತಳಿಯ ಎತ್ತುಗಳೆಂದರೆ ಅವರಿಗೆ ಪ್ರಾಣ. ಮಗಳಿಗೆ ಇನ್ನೂ ಮದುವೆಯಾಗಿಲ್ಲ ಎಂದು ಊರವರಿಗಿದ್ದ ಚಿಂತೆ ಅವರಿಗಿರಲಿಲ್ಲ.

ಆ ವರ್ಷ ಜೂನ್‌ನಲ್ಲಿ, ಶಾಲೆಯ ಪ್ರಯೋಗಾಲಯಕ್ಕೆ ಒಂದು ಬೋರ್ಡು ಬರೆಸಬೇಕೆಂದು ಬಸ್ ಸ್ಟ್ಯಾಂಡಿನ ಹಿಂದಿದ್ದ ರಜಾಕ್ ಅವರ ಅಂಗಡಿಗೆ ಹೋದೆ. ರಜಾಕ್ ಬೋರ್ಡು ಬರೆಯುವ ಕಲಾವಿದರು. ಕಿರಾಣಿ ಅಂಗಡಿ, ಲಾರಿ, ಸಿನಿಮಾ ಟೆಂಟು, ಎಲ್ಲಕ್ಕೂ ಅವರದೇ ಕೈ. ನಾನು ಹೋದಾಗ ಜಡಿಮಳೆ. ಅಂಗಡಿಯೊಳಗೆ ಬೇರೊಬ್ಬರು ತೊಯ್ದ ಕೊಡೆ ಹಿಡಿದುಕೊಂಡೇ ಜಗಳಕ್ಕೆ ನಿಂತಿದ್ದರು. ದನದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಪಂಚಾಕ್ಷರಪ್ಪ ಅವರು. ಸಖರಾಯಪಟ್ಟಣದ ಕಡೆಯವರು.

"ನೀವು ಬರ್ದಿರೋ ಈ ಹಸೂಗೆ ಹಿಂಗಾಲು ಮುರಿದಿದೆ ಸಾಬ್ರೇ. ನನ್ನ ಆಸ್ಪತ್ರೆ ಬಾಗಿಲಲ್ಲೇ ಇಂಥಾ ಹಸು ನಿಲ್ಸಿದ್ರೆ ಜನ ನನ್ನ ಕೈಗುಣದ ಬಗ್ಗೆ ಏನಂದ್ಕೋತಾರೆ?"

"ಬೋರ್ಡ್ ನೋಡೋದು ಜನ, ಡಾಕ್ಟ್ರೇ. ಹಸು ಬಂದು ತಪ್ಪು ಹಿಡಿಯಲ್ಲ."

ಡಾಕ್ಟರು ಸೀಮೆಸುಣ್ಣ ತೆಗೆದುಕೊಂಡು ಕಪ್ಪು ತಗಡಿನ ಮೇಲೆ ಹಸುವಿನ ಹಿಂಗಾಲು ಬರೆದರು. "ಹಿಂದಕ್ಕೆ ಬಾಗಿರೋ ಈ ಕೀಲನ್ನ ನೀವು ಮಂಡಿ ಅಂದ್ಕೊಂಡಿದೀರ. ಇದು ಮಂಡಿ ಅಲ್ಲ, ಹಿಮ್ಮಡಿ. ಹಸು ಬೆರಳ ತುದಿ ಮೇಲೆ ನಿಂತಿರೋ ಪ್ರಾಣಿ. ನಿಜವಾದ ಮಂಡಿ ಇಲ್ಲಿ ಮೇಲೆ, ಹೊಟ್ಟೆ ಮಗ್ಗುಲಲ್ಲಿ ಅಡಗಿದೆ."

ರಜಾಕ್ ಎದ್ದು, ನಮ್ಮೆದುರಿಗೇ ಕಾಲ್ಬೆರಳ ಮೇಲೆ ನಿಂತು, ಬಗ್ಗಿ ತಮ್ಮ ಹಿಮ್ಮಡಿ ಮುಟ್ಟಿ ನೋಡಿಕೊಂಡರು. ಮುಖದ ಮೇಲಿದ್ದ ಹಟ ಇಳಿಯಿತು.

"ಹಂಗಾದ್ರೆ ಇದರ ಮಂಡಿ ಎಲ್ಲಿ ಬರುತ್ತೆ ಡಾಕ್ಟ್ರೇ?" ಎಂದು ಒಳಕೋಣೆಯ ಪರದೆ ಸರಿಸಿದರು.

ಹಿಂದಿನ ಗೋಡೆಯ ತುಂಬ ಒಂದು ಡೈನೋಸಾರ್. ಎಂದೋ ಟೆಂಟಿಗೆ ಬಂದಿದ್ದ ಇಂಗ್ಲಿಷ್ ಸಿನಿಮಾಕ್ಕಾಗಿ ಅವರು ಬರೆದಿದ್ದ ಬಟ್ಟೆಯ ಬ್ಯಾನರು ಅದು. ಟೆಂಟಿನವರು ಬಿಟ್ಟುಹೋಗಿದ್ದರು, ಇವರು ಎಸೆಯಲಾರದೆ ಇಟ್ಟುಕೊಂಡಿದ್ದರು. ಕೆಸರಿನಲ್ಲಿ ಹೂತ ದಪ್ಪ ಕಾಲುಗಳು, ಸತ್ತ ಹೆಬ್ಬಾವಿನಂತೆ ನೆಲದ ಮೇಲೆ ಬಿದ್ದ ಬಾಲ. ನನ್ನ ಪಠ್ಯಪುಸ್ತಕದಲ್ಲಿಯೂ ಅದು ಹಾಗೆಯೇ ಇತ್ತು. ಡಾಕ್ಟರು ದೇವರ ಮನೆಗೆ ಹೋಗುವವರಂತೆ ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನೂ ಹೋದೆ. ಬೋರ್ಡಿನ ವಿಷಯ ಆ ದಿನ ಮಾತಿಗೇ ಬರಲಿಲ್ಲ.

ಹೀಗೆ ಶುರುವಾಯಿತು ನಮ್ಮ ಭಾನುವಾರಗಳ ಹುಚ್ಚು. ಡಾಕ್ಟರು ಬೆಂಗಳೂರಿನಲ್ಲಿ ಓದುವಾಗ ಫುಟ್‌ಪಾತಿನಲ್ಲಿ ಕೊಂಡಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತರುತ್ತಿದ್ದರು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ರಜಾಕ್ ಕೇಳುತ್ತಲೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯುತ್ತಿದ್ದರು. ಬರೆದದ್ದನ್ನು ಡಾಕ್ಟರು ಕಾಲಿನಿಂದ ಒರೆಸುತ್ತಿದ್ದರು. "ಇಷ್ಟು ತೂಕಕ್ಕೆ ಈ ಮೊಣಕಾಲು ತಡೆಯಲ್ಲ." ಮತ್ತೆ ಬರೆಯುವುದು, ಮತ್ತೆ ವಾದ. ಪಕ್ಕೆಲುಬು ಎಷ್ಟು ಅಗಲ, ಮುಂಗಾಲಿಗೆ ಆನೆಯ ಹಾಗೆ ಉಗುರಿತ್ತೋ ಗೊರಸಿತ್ತೋ, ಅಷ್ಟುದ್ದದ ಕತ್ತಿನ ತುದಿಗೆ ಹೃದಯ ರಕ್ತ ಏರಿಸುತ್ತಿದ್ದುದು ಹೇಗೆ. ತರೀಕೆರೆಯ ಮಳೆಗಾಲದಲ್ಲಿ ಮೂವರು ಕೂತು ಇದಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದೆವು.

ಇಬ್ಬರು ಗಂಡಸರ ಜೊತೆ ಟೀಚರಮ್ಮನಿಗೇನು ಕೆಲಸ ಎಂಬ ಮಾತು ಬಸ್ಸಿನಲ್ಲೇ ಹುಟ್ಟಿ ಅಜ್ಜಂಪುರ ಮುಟ್ಟಿತು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಮುಂದಿನ ಭಾನುವಾರ ಬಿಳಿ ಪಂಚೆಯುಟ್ಟು ನನ್ನ ಜೊತೆ ಬಸ್ಸು ಹತ್ತಿದರು, ಅಷ್ಟೇ. ಅಂಗಡಿಯ ಬೆಂಚಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ನಮ್ಮ ವಾದ ಕೇಳಿದರು. ಅದರಾಚೆಯ ಭಾನುವಾರವೂ ಬಂದರು. ಮೂರನೆಯ ಸಲ ನಾನು ಹೊರಡುವ ಮೊದಲೇ ಅವರು ಬಸ್ ಸ್ಟಾಪಿನಲ್ಲಿದ್ದರು.

ಮಳೆ ಹೊಳವಾದ ಮೇಲೆ ನಮಗೆ ಪಳೆಯುಳಿಕೆ ಹುಡುಕುವ ಆಸೆ ಹುಟ್ಟಿತು. ಶಿವನಿಯ ಸುತ್ತಿನ ಗುಡ್ಡಗಳನ್ನು ಸುತ್ತಿದೆವು. ಮೂಳೆಯಾಕಾರದ ಕಲ್ಲು ಕಂಡರೆ ಸಾಕು, ರಜಾಕ್ ಕರ್ಚೀಫಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಅಲ್ಲಿ ಕಲ್ಲುಗಳ ಸರ್ವೆಗೆ ಬಂದು ಡೇರೆ ಹಾಕಿದ್ದ ಒಬ್ಬ ಅಧಿಕಾರಿ ನಮ್ಮ ಗಂಟು ಬಿಚ್ಚಿ ನೋಡಿ ನಕ್ಕುಬಿಟ್ಟರು. ಕೆಟ್ಟ ನಗೆಯಲ್ಲ.

"ಇಲ್ಲಿ ನೀವು ಜನ್ಮವಿಡೀ ಹುಡುಕಿದ್ರೂ ಒಂದು ಮೂಳೆ ಸಿಗಲ್ಲ. ಈ ಕಲ್ಲು ಹುಟ್ಟಿದಾಗ ಭೂಮಿ ಮೇಲೆ ಮೂಳೆ ಇರೋ ಪ್ರಾಣೀನೇ ಇರ್ಲಿಲ್ಲ. ಇದರ ಮುಂದೆ ನಿಮ್ಮ ಡೈನೋಸಾರ್ ಮೊನ್ನೆ ಹುಟ್ಟಿದ ಕೂಸು."

ಶಿವನಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಾವು ಮೂವರೂ ಮಂಕಾಗಿ ಕೂತಿದ್ದೆವು. ಅಪ್ಪನ ಮುಖ ಮಾತ್ರ ಅರಳಿತ್ತು.

"ಅಲ್ಲಾ, ನಮ್ಮ ಸೀಮೆ ಕಲ್ಲಿಗೆ ಅಷ್ಟು ವಯಸ್ಸಾಗಿದ್ಯಾ?" ಎಂದು ಪ್ಲಾಟ್‌ಫಾರಂ ಅಂಚಿನ ಕಲ್ಲನ್ನು ಎತ್ತಿನ ಮೈ ತಟ್ಟುವ ಹಾಗೆ ತಟ್ಟಿದರು.

ಅದನ್ನು ನೋಡಿ ಡಾಕ್ಟರಿಗೂ ನಗು ಬಂತು. "ಆಯ್ತು ಬಿಡಿ, ಸತ್ತವುಗಳ ಮೂಳೆ ಸಿಗದಿದ್ರೆ ಬೇಡ. ಮೂಳೆ ಒಳಗಿಟ್ಕೊಂಡು ಓಡಾಡೋವು ಬೇಕಾದಷ್ಟಿದಾವಲ್ಲ. ಅವನ್ನೇ ನೋಡೋಣ."

ಆ ಮಾತಿನಿಂದ ನಮ್ಮ ದಿಕ್ಕೇ ಬದಲಾಯಿತು. ಒಂದು ದಿನ ಶಾಲೆಯ ಬೇಲಿಯಲ್ಲಿ ಸತ್ತುಬಿದ್ದಿದ್ದ ಓತಿಕ್ಯಾತವನ್ನು ನಾನು ಕಾಗದದಲ್ಲಿ ಸುತ್ತಿ ತಂದೆ. ಡಾಕ್ಟರು ಅದರ ಬಾಲದ ಬುಡದ ಚರ್ಮ ಬಿಡಿಸಿದರು. ಒಳಗೆ ಹುರಿಗಟ್ಟಿದ ಮಾಂಸಖಂಡವೊಂದು ಬಾಲದಿಂದ ಹೊರಟು ನೇರವಾಗಿ ತೊಡೆಯ ಮೂಳೆಗೆ ಸೇರಿತ್ತು. ಅವರು ಚಿಮಟದಿಂದ ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದರು. ಸತ್ತ ಓತಿಕ್ಯಾತದ ಹಿಂಗಾಲು, ಹೆಜ್ಜೆ ಇಟ್ಟ ಹಾಗೆ, ಹಿಂದಕ್ಕೆ ಚಲಿಸಿತು.

"ಮತ್ತೆ ಎಳೀರಿ," ಎಂದರು ರಜಾಕ್. ಮತ್ತೆ ಎಳೆದರು. ಕಾಲು ಮತ್ತೆ ಚಲಿಸಿತು.

"ಅಂದ್ರೆ ಬಾಲ ಸುಮ್ನೆ ಜೋತುಬಿದ್ದಿರೋ ಹಗ್ಗ ಅಲ್ಲ," ಎಂದೆ ನಾನು. "ಕಾಲು ಎಳೆಯೋದೇ ಬಾಲ."

"ಇದು ಓತಿಕ್ಯಾತದ ಮಾತಾಯ್ತು," ಎಂದರು ಡಾಕ್ಟರು, ಆತುರಪಡಬಾರದೆಂದು. "ಡೈನೋಸಾರ್ ಬಾಲ ನೆಲಕ್ಕೆ ಬಿಡ್ತಿತ್ತೋ ಇಲ್ವೋ ಅನ್ನೋದು ಇದರಿಂದ ಗೊತ್ತಾಗಲ್ಲ."

ಗೊತ್ತಾದದ್ದು ಕಾರ್ತಿಕ ಮಾಸದಲ್ಲಿ, ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯಲ್ಲಿ. ಡಾಕ್ಟರ ಮನೆಯಲ್ಲಿ ಅವರ ತಾಯಿ ಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಕೆರೆಯಂಚಿಗೆ ನಡೆದೆವು. ನೀರು ತುಸು ಹಿಂದೆ ಸರಿದು ಮೆತ್ತನೆಯ ಕೆಸರಿನ ಪಟ್ಟಿಯೊಂದು ಎದ್ದಿತ್ತು. ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿದ್ದುದರಿಂದ ಅದರ ಮೇಲೆ ನಡೆದುಹೋದವರ ಗುರುತೆಲ್ಲ ಸ್ಪಷ್ಟ. ಕೊಕ್ಕರೆ, ನಾಯಿ, ಎಮ್ಮೆ. ಒಂದೆಡೆ ಉಡವೊಂದು ನೀರಿನಿಂದ ಎದ್ದು ಬಂದಿತ್ತು. ಎರಡು ಬದಿಗೆ ಉಗುರಿನ ಗುರುತು, ನಡುವೆ ಹಾವಿನಂತೆ ಓಲಾಡಿದ ಒಂದು ಗೆರೆ. ಬಾಲದ ಗೆರೆ.

ರಜಾಕ್ ಅಲ್ಲೇ ಕುಕ್ಕರಗಾಲಲ್ಲಿ ಕೂತರು. "ಬಾಲ ಎಳ್ಕೊಂಡು ಹೋಗಿದ್ರೆ ಹಿಂಗೆ ಗೆರೆ ಬೀಳ್ಬೇಕು," ಎಂದು ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡರು.

ಡಾಕ್ಟರು ತಮ್ಮ ಚೀಲದಿಂದ ಒಂದು ಪತ್ರಿಕೆ ತೆಗೆದರು. ಅದರಲ್ಲಿದ್ದ ಒಂದು ಫೋಟೋವನ್ನು ನಾವು ಎಷ್ಟೋ ಸಲ ನೋಡಿದ್ದೆವು. ದೂರದೇಶದ ನದಿಯ ಪಾತ್ರದಲ್ಲಿ, ಕಲ್ಲಾಗಿ ಹೋದ ಕೆಸರಿನ ಮೇಲೆ, ಉದ್ದ ಕತ್ತಿನ ಡೈನೋಸಾರಿನ ಹೆಜ್ಜೆಗಳ ಸಾಲು. ಬಾಂಡಲೆಯಷ್ಟು ಅಗಲದ ಗುಂಡಿಗಳು. ಅವುಗಳ ಗಾತ್ರ ನೋಡಿ ಬೆರಗಾಗಿದ್ದೆವೇ ಹೊರತು ಗುಂಡಿಗಳ ನಡುವಿನ ಜಾಗವನ್ನು ಯಾರೂ ನೋಡಿರಲಿಲ್ಲ. ಈಗ ನಾಲ್ಕು ತಲೆಗಳು ಆ ಪುಟದ ಮೇಲೆ ಬಾಗಿದವು. ಹೆಜ್ಜೆಗಳ ನಡುವೆ ಕಲ್ಲು ನುಣ್ಣಗಿತ್ತು. ಗೆರೆ ಇರಲಿಲ್ಲ.

ಆ ಕ್ಷಣದ ಸಂತೋಷವನ್ನು ನಾನು ಆಮೇಲೆ ಜೀವನದಲ್ಲಿ ಕೆಲವೇ ಸಲ ಕಂಡಿದ್ದೇನೆ. ಹೊರದೇಶದ ವಿದ್ವಾಂಸರು ಆಗಲೇ ಇದನ್ನು ಹೇಳುತ್ತಿದ್ದರೆಂದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅದರಿಂದ ನನಗೆ ಬೇಸರವೇನೂ ಆಗಿಲ್ಲ. ಅವರು ಅವರ ಊರಿನಲ್ಲಿ ಕಂಡುಕೊಂಡರು, ನಾವು ಅಯ್ಯನಕೆರೆ ದಂಡೆಯಲ್ಲಿ ಕಂಡುಕೊಂಡೆವು. ಮೂಳೆ ಮುರಿದ ಕರುಗಳಿಗೆ ಪಟ್ಟು ಹಾಕಲು ಡಾಕ್ಟರು ಇಟ್ಟುಕೊಂಡಿದ್ದ ಪ್ಲಾಸ್ಟರ್ ಪುಡಿಯನ್ನು ಕಲಸಿ, ಉಡದ ಹೆಜ್ಜೆಯ ಅಚ್ಚು ತೆಗೆದೆವು. ಅದನ್ನು ಅಪ್ಪ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು.

ಆ ಚಳಿಗಾಲ ಕಡೂರಿನಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನವಿತ್ತು. ನಮ್ಮ ಶಾಲೆಯಿಂದ ಡೈನೋಸಾರಿನ ಚಿತ್ರ ಎಂದು ನಾನು ಹೇಳಿಬಿಟ್ಟೆ. ಹೆಡ್‌ಮಿಸ್ಸು ಪ್ರೀತಿಯ ಹೆಂಗಸು, "ಏನಾದ್ರೂ ಮಾಡು ಕಣೇ, ಶಾಲೆ ಹೆಸರು ಉಳಿಸು," ಎಂದರು. ಕೋರಾ ಬಟ್ಟೆಯ ಅಗಲಗಳನ್ನು ಹೊಲಿಸಿ ಟೆಂಟ್ ಸಿನಿಮಾದ ಪರದೆಗಿಂತ ಉದ್ದ ಮಾಡಿದೆವು. ರಜಾಕ್ ಮನೆಯ ಅಂಗಳದಲ್ಲಿ ಅದನ್ನು ಬಿಗಿದು ಕಟ್ಟಿ, ಅಂಟು ಸವರಿ ಒಣಗಿಸಿದ ಮೇಲೆ ಕೆಲಸ ಶುರುವಾಯಿತು. ಅವರು ದಿನದ ಬೋರ್ಡುಗಳನ್ನು ಮುಗಿಸಿ ಮಧ್ಯಾಹ್ನದ ಮೇಲೆ ಇದಕ್ಕೆ ಕೈ ಹಾಕುತ್ತಿದ್ದರು. ಮೊದಲು ಬರೇ ಅಸ್ಥಿಪಂಜರ ಬರೆದರು, ಅದರ ಮೇಲೆ ಮಾಂಸಖಂಡ, ಅದರ ಮೇಲೆ ಚರ್ಮ. "ಒಳಗೆ ಇರೋದನ್ನ ಮುಚ್ಚಿಹಾಕೋದಕ್ಕೆ ಇಷ್ಟು ಕಷ್ಟ ಪಡ್ಬೇಕಾ?" ಎಂದು ನಾನು ಕೇಳಿದರೆ, "ಒಳಗೆ ಇಲ್ದಿದ್ರೆ ಹೊರಗೆ ನಿಲ್ಲಲ್ಲ ಮೇಡಂ," ಎನ್ನುತ್ತಿದ್ದರು.

ಅವರ ತಾಯಿ ಜಗಲಿಯ ಮೇಲೆ ಕೂತು ದಿನಕ್ಕೊಂದು ಸಲ ಕೇಳುತ್ತಿದ್ದರು: "ಯೇ ಕಾಟ್ತಾ ಕ್ಯಾ ರೇ?" ಇದು ಕಚ್ಚುತ್ತೇನೋ ಎಂದು. "ನೈ ಅಮ್ಮಾ, ಪತ್ತೇ ಖಾತಾ," ಸೊಪ್ಪು ತಿನ್ನುತ್ತೆ ಎಂದು ಮಗನ ಉತ್ತರ. ಅಮ್ಮನಿಗೆ ಸಮಾಧಾನ.

ನೆಲಕ್ಕೆ ರಜಾಕ್ ಹಸಿರು ಹುಲ್ಲು ಬರೆದರು. ಆ ಕಾಲದಲ್ಲಿ ಹುಲ್ಲೇ ಹುಟ್ಟಿರಲಿಲ್ಲವೆಂದು ನಾನು ಓದಿದ್ದೆ. ಅವರು ನಿಟ್ಟುಸಿರು ಬಿಟ್ಟು ಹುಲ್ಲನ್ನೆಲ್ಲ ಅಳಿಸಿ ಜರಿಗಿಡ ಬರೆದರು. ಕೊನೆಗೆ ಉಳಿದದ್ದು ಮೈಬಣ್ಣ. ಯಾವ ಪುಸ್ತಕದಲ್ಲೂ ಅದಕ್ಕೆ ಆಧಾರವಿರಲಿಲ್ಲ. ಡಾಕ್ಟರು ಆನೆಯ ಬಣ್ಣ ಎಂದರು, ನಾನು ಉಡದ ಬಣ್ಣ ಎಂದೆ. ಅಪ್ಪ ಗಂಟಲು ಸರಿಮಾಡಿಕೊಂಡರು.

"ಯಾರಿಗೂ ಗೊತ್ತಿಲ್ಲ ಅಂದ್ಮೇಲೆ ನಮ್ಮ ಕಡೆ ಬಣ್ಣಾನೇ ಇರ್ಲಿ. ಅಮೃತಮಹಲ್ ಹೋರಿ ಬಣ್ಣ. ಮೈಯೆಲ್ಲಾ ಬೂದಿ, ಕತ್ತು ಭುಜದ ಹತ್ರ ಕಪ್ಪು."

ರಜಾಕ್ ಬಟ್ಟೆಯಿಂದ ಹಿಂದೆ ಸರಿದು ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಬೂದು ಬಣ್ಣದ ಡಬ್ಬಿ ತೆರೆದರು. ಆ ಪ್ರಾಣಿ ಎದ್ದು ನಿಂತದ್ದು ಆ ಬಣ್ಣ ಬಿದ್ದ ಮೇಲೆ. ತುಂಬಿದ ತೊಡೆ, ದಪ್ಪ ಬುಡದ ಬಾಲ, ಬೆನ್ನಿನ ನೇರಕ್ಕೆ ಹಿಂದಕ್ಕೆ ಚಾಚಿ ತುದಿಯಲ್ಲಿ ಸ್ವಲ್ಪ ತಿರುಗಿದ ಬಾಲ. ಎಲ್ಲಿಗೋ ಹೊರಟಿರುವ ಪ್ರಾಣಿಯ ಹಾಗಿತ್ತು.

ಕಡೂರಿನಲ್ಲಿ ಒಂದು ಶಾಲೆಯ ದೊಡ್ಡ ಹಾಲಿನಲ್ಲಿ ಪ್ರದರ್ಶನ. ಹಿಂದಿನ ದಿನ ಮಧ್ಯಾಹ್ನ ನಾವು ಚಿತ್ರ ಕಟ್ಟುತ್ತಿದ್ದಾಗ ವಿಷಯ ಪರಿವೀಕ್ಷಕರು ಬಂದರು. ವಿಜ್ಞಾನದ ಪಾಠಗಳ ಮೇಲುಸ್ತುವಾರಿ ಅವರದು. ಕಟ್ಟುನಿಟ್ಟಿನ ಮನುಷ್ಯ ಎಂದು ಹೆಸರು. ಚಿತ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದರು.

"ಚಿತ್ರ ಚೆನ್ನಾಗಿದೆಯಮ್ಮ. ಆದ್ರೆ ತಪ್ಪು. ಪುಸ್ತಕದಲ್ಲಿ ಬಾಲ ನೆಲದ ಮೇಲಿದೆ. ಮಕ್ಕಳು ಇದನ್ನ ನೋಡ್ಕೊಂಡು ಪರೀಕ್ಷೇಲಿ ಹೀಗೇ ಬರೆದ್ರೆ ಅಂಕ ಯಾರು ಕೊಡ್ತಾರೆ?"

"ಸರ್, ಇದಕ್ಕೆ ಆಧಾರ ಇದೆ," ಎಂದೆ.

"ಪುಸ್ತಕಕ್ಕಿಂತ ಆಧಾರ ಬೇಕಾ? ನಾಳೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಬಾಲ ಇಳೀಬೇಕು. ಇಲ್ಲ, ಚಿತ್ರ ಇಳೀಬೇಕು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳ ಅಂಕದ ಕಾಳಜಿ ನಿಜವಾಗಿಯೂ ಇತ್ತು. ಅದರಿಂದಲೇ ನನಗೆ ಹೆಚ್ಚು ಕಷ್ಟವಾಯಿತು.

ಅವರು ಅತ್ತ ಹೋದಮೇಲೆ ಹೆಡ್‌ಮಿಸ್ಸು ನನ್ನ ಕೈ ಹಿಡಿದುಕೊಂಡರು. "ನಿನ್ನ ಕೆಲಸ ಖಾಯಂ ಮಾಡೋ ಫೈಲು ಅವರ ಕೈ ದಾಟಿಯೇ ಹೋಗ್ಬೇಕು ಕಣೇ. ಯೋಚ್ನೆ ಮಾಡು."

ಹಾಲಿನ ಹೊರಗೆ ತೆಂಗಿನ ಮರದ ನೆರಳಿನಲ್ಲಿ ನಾವು ನಾಲ್ವರೂ ನಿಂತೆವು. ಮೊದಲು ಮಾತಾಡಿದವರು ರಜಾಕ್. "ನಿಮ್ಮ ಅನ್ನದ ವಿಷಯ ಮೇಡಂ. ನೀವು ಇಳಿಸಿ ಅಂದ್ರೆ ಈಗ್ಲೇ ಇಳಿಸ್ತೀನಿ, ನಂಗೇನೂ ಬೇಜಾರಿಲ್ಲ."

"ಇಳಿಸೋಕಾಗಲ್ಲ," ಎಂದರು ಡಾಕ್ಟರು. "ಇಳಿಸ್ಬೇಕಂದ್ರೆ ಸೊಂಟದ ಹತ್ರ ಮುರೀಬೇಕು. ಆಮೇಲೆ ತೊಡೆ ಸುಳ್ಳಾಗುತ್ತೆ. ಆಮೇಲೆ ನಡಿಗೆ ಸುಳ್ಳಾಗುತ್ತೆ."

ಅಪ್ಪ ನನ್ನನ್ನೇ ನೋಡುತ್ತಿದ್ದರು. "ಒಂದು ಬಾಲಕ್ಕೋಸ್ಕರ ಕೆಲಸ ಕಳ್ಕೊಂತೀಯೇನವ್ವಾ?"

ಆ ಕೆಲಸ ನನಗೆ ಬರೀ ಸಂಬಳವಾಗಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತುವ ಸ್ವಾತಂತ್ರ್ಯ ಅದರಿಂದಲೇ ಬಂದಿತ್ತು. ಆದರೆ ಕೆರೆಯ ದಂಡೆಯಲ್ಲಿ ಕಂಡದ್ದನ್ನು ಕಾಣಲಿಲ್ಲ ಎಂದು ಹೇಳಿದರೆ, ಆಮೇಲೆ ತರಗತಿಯಲ್ಲಿ ನಿಂತು ಕಣ್ಣಿಟ್ಟು ನೋಡಿರಿ ಎಂದು ಯಾವ ಬಾಯಲ್ಲಿ ಹೇಳಲಿ?

"ಕೆಲಸಾನೂ ಬಿಡಲ್ಲಪ್ಪಾ, ಬಾಲಾನೂ ಇಳ್ಸಲ್ಲ," ಎಂದೆ. ಹಾಗೆ ಹೇಳಿದ ಮೇಲೆ ಕಾಲು ತಾನಾಗಿ ಪರಿವೀಕ್ಷಕರ ಕಡೆ ನಡೆಯಿತು.

"ಸರ್, ನಾಳೆ ಮಧ್ಯಾಹ್ನದವರೆಗೆ ಅವಕಾಶ ಕೊಡಿ. ನಾವು ಯಾಕೆ ಹೀಗೆ ಬರೆದಿದ್ದೀವಿ ಅನ್ನೋದನ್ನ ಅಕ್ಷರ ಬಾರದವರಿಗೂ ತಿಳಿಯೋ ಹಾಗೆ ತೋರಿಸ್ತೀವಿ. ನಿಮಗೆ ಒಪ್ಪಿಗೆ ಆಗದಿದ್ರೆ ನಾನೇ ನನ್ನ ಕೈಯಾರೆ ಇಳಿಸ್ತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, "ಮಧ್ಯಾಹ್ನದವರೆಗೆ," ಎಂದರು.

ಮರುದಿನ ಬೆಳಿಗ್ಗೆ ಅಪ್ಪ ಗೋಣಿಚೀಲದಲ್ಲಿ ಕೆರೆಯ ಗೋಡುಮಣ್ಣು ತಂದರು. ಕಂಕುಳಲ್ಲಿ ಪರಿಚಯದವರ ಮನೆಯ ಒಂದು ಹುಂಜ. ಚಿತ್ರದ ಮುಂದೆ ಹಲಗೆಗಳ ನಡುವೆ ಹಸಿ ಗೋಡನ್ನು ನುಣ್ಣಗೆ ಹರಡಿದೆವು. ಪಕ್ಕದಲ್ಲಿ ಉಡದ ಹೆಜ್ಜೆಯ ಪ್ಲಾಸ್ಟರ್ ಅಚ್ಚು. ಅದರ ಪಕ್ಕದಲ್ಲಿ ಕಲ್ಲಿನ ಹೆಜ್ಜೆಗಳ ಆ ಫೋಟೋವನ್ನು ನೋಡಿಕೊಂಡು ರಜಾಕ್ ದೊಡ್ಡದಾಗಿ ಬರೆದ ಪ್ರತಿ. ಬಾಗಿಲು ತೆರೆದರು, ಜನ ಬಂದರು. ಹುಂಜವನ್ನು ಗೋಡಿನ ಮೇಲೆ ಬಿಟ್ಟರೆ ಅದು ನಿಂತಲ್ಲಿಂದ ಕದಲಲಿಲ್ಲ. ಅಷ್ಟು ಜನರನ್ನು ನೋಡಿ ಅದಕ್ಕೆ ದಿಗಿಲು. ಅಪ್ಪ ಆ ತುದಿಯಲ್ಲಿ ಕೂತು ಒಂದು ಹಿಡಿ ರಾಗಿ ಚೆಲ್ಲಿ "ಬಾ ಬಾ ಬಾ" ಎಂದರು. ಹುಂಜ ಬಾಲ ಎತ್ತಿಕೊಂಡು, ಗತ್ತಿನಿಂದ, ಒಂದೊಂದೇ ಹೆಜ್ಜೆ ಇಡುತ್ತ ನಡೆದುಹೋಯಿತು. ಹಿಂದೆ ಹೆಜ್ಜೆಗಳು ಮಾತ್ರ ಉಳಿದವು.

ನಮ್ಮ ಹುಡುಗಿಯರು ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳಿದರು: "ಈ ಕಲ್ಲಿನ ಹೆಜ್ಜೆ ಉಡದ ಥರ ಇದೆಯಾ, ಹುಂಜದ ಥರ ಇದೆಯಾ?"

ಸ್ವಲ್ಪ ಹೊತ್ತಿನಲ್ಲಿ ಬೇರೆ ಮಳಿಗೆಗಳ ಮುಂದಿನ ಜನವೂ ನಮ್ಮ ಮುಂದೆ ಸೇರಿದರು. ಅಂದು ಏನೋ ವ್ಯಾಪಾರಕ್ಕೆ ಬಂದಿದ್ದ ರೈತರು, ತೆಂಗಿನಕಾಯಿ ಮಂಡಿಯವರು, ಕಾವಲಿನಲ್ಲಿ ದನ ಕಾಯುವವರು. "ಹೋರಿ ಓಡೋವಾಗ ಬಾಲ ಎತ್ತಲ್ವೇನ್ರೀ?" ಎಂದು ಒಬ್ಬರು. "ಅದು ಬರೀ ಕೂದ್ಲು ಕಣಯ್ಯ, ಇದು ಮಾಂಸದ್ದು, ಭಾರ ನೋಡು," ಎಂದು ಇನ್ನೊಬ್ಬರು. "ಭಾರ ಇದ್ರೇನು, ಮುಂದೆ ಕತ್ತು ಅಷ್ಟುದ್ದ ಐತಲ್ಲ. ತಕ್ಕಡಿ ಥರ ಸಮ ತೂಗ್ತದೆ." ಡಾಕ್ಟರು ನನ್ನ ಕಡೆ ನೋಡಿದರು. ನಾವು ಮೂವರು ಒಂದಿಡೀ ಮಳೆಗಾಲ ಕೂತು ಮುಟ್ಟಿದ ಮಾತಿಗೆ ಕಡೂರಿನ ಜನ ನಿಂತ ನಿಲುವಿನಲ್ಲೇ ಬಂದಿದ್ದರು. ನನಗೆ ಅದು ಸೋಲು ಅನ್ನಿಸಲಿಲ್ಲ, ಹೆಮ್ಮೆ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಪರಿವೀಕ್ಷಕರು ಬಂದರು. ಜನ ದಾರಿ ಬಿಟ್ಟರು. ಅವರು ಅಚ್ಚು ನೋಡಿದರು, ಗೋಡು ನೋಡಿದರು, ಹೆಜ್ಜೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ನಿಜವಾಗಿಯೂ ಯೋಚಿಸುತ್ತಿದ್ದರು.

"ಒಂದು ಪ್ರಶ್ನೆ. ಈ ಪ್ರಾಣಿ ನೀರಲ್ಲೇ ಇರ್ತಿತ್ತು ಅಂತಾರೆ. ಬಾಲ ನೀರಲ್ಲಿ ತೇಲ್ತಿದ್ರೆ ಗೆರೆ ಹೇಗೆ ಬೀಳುತ್ತೆ?"

ಇದನ್ನು ನಾವು ಯೋಚಿಸಿದ್ದೆವು. ಉತ್ತರ ನಾನೇ ಹೇಳಿದೆ. "ಬಾಲ ತೇಲೋವಷ್ಟು ನೀರಿದ್ರೆ ಮೈಯೂ ತೇಲ್ಬೇಕು ಸರ್. ಆಗ ಕಾಲು ಇಷ್ಟು ಆಳ ಊರೋದಿಲ್ಲ. ಹೆಜ್ಜೆ ನೋಡಿ, ಪೂರಾ ಭಾರ ಬಿದ್ದಿದೆ. ಅದು ನೆಲದ ಮೇಲೆ ನಡೆದದ್ದು."

"ಹೌದು ಸ್ವಾಮಿ," ಎಂದರು ಅಪ್ಪ, ತಡೆಯಲಾರದೆ. "ನೀರಲ್ಲಿ ಈಜೋ ಎಮ್ಮೆ ಹೆಜ್ಜೆ ಗುರ್ತು ಬಿಡಲ್ಲ."

ಪರಿವೀಕ್ಷಕರು ಅಪ್ಪನನ್ನು ನೋಡಿ ಮೊದಲ ಸಲ ನಕ್ಕರು. ಆಮೇಲೆ ನಮ್ಮ ಹುಡುಗಿಯರ ಕಡೆ ತಿರುಗಿದರು. "ಸರಿ. ಪರೀಕ್ಷೇಲಿ ಏನು ಬರೀತೀರಿ?"

ಹುಡುಗಿಯರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಚೂಟಿಯಾದ ಒಬ್ಬಳು ಹೇಳಿದಳು: "ಪರೀಕ್ಷೇಲಿ ಬಾಲ ಕೆಳಗೇ ಬರೀತೀವಿ ಸರ್. ಇಲ್ಲಿ ಮಾತ್ರ ಮೇಲಿರ್ಲಿ."

ಹಾಲಿನ ತುಂಬ ನಗು. ಪರಿವೀಕ್ಷಕರೂ ನಕ್ಕು, ರಜಾಕ್ ಕೈಯಿಂದ ಕುಂಚ ತೆಗೆದುಕೊಳ್ಳುವವರಂತೆ ಕೈ ಚಾಚಿ, ಆಮೇಲೆ ಅದನ್ನು ಹಿಂತೆಗೆದುಕೊಂಡು ಹೇಳಿದರು: "ಕೆಳಗೆ ಒಂದು ಸಾಲು ಬರೀರಿ. ಹೀಗೂ ಇದ್ದಿರಬಹುದು, ಅಂತ. ಚಿತ್ರ ಇರ್ಲಿ."

ರಜಾಕ್ ತಮ್ಮ ಅತಿ ಚೆಂದದ ಅಕ್ಷರದಲ್ಲಿ ಆ ಸಾಲನ್ನು ಬರೆದರು.

ನಮಗೆ ಬಹುಮಾನ ಬರಲಿಲ್ಲ. ಗಾಳಿಯಿಂದ ನೀರೆತ್ತುವ ಒಂದು ಯಂತ್ರಕ್ಕೆ ಬಂತು, ಅದು ನ್ಯಾಯವೇ. ಕೊನೆಯ ದಿನ ಜನ ಕರಗಿದ ಮೇಲೆ ನಾವು ಹಗ್ಗ ಬಿಚ್ಚಲು ಹೋದರೆ, ಚಿತ್ರದ ಮುಂದೆ ಪರಿವೀಕ್ಷಕರು ಹೆಂಡತಿ ಮಕ್ಕಳ ಜೊತೆ ನಿಂತಿದ್ದರು. ನಮಗೆ ಬೆನ್ನು ಮಾಡಿದ್ದರು. "ನೋಡಿದ್ಯಾ, ಬಾಲ ಎಳೆದಿದ್ರೆ ಇಲ್ಲೊಂದು ಗೆರೆ ಬೀಳ್ಬೇಕಿತ್ತು," ಎಂದು ಮಗನಿಗೆ ಬೆರಳಿಟ್ಟು ತೋರಿಸುತ್ತಿದ್ದರು. ನಾವು ಸದ್ದು ಮಾಡದೆ ಹಿಂದಕ್ಕೆ ಬಂದು, ಅವರು ಹೋಗುವವರೆಗೆ ಬಾಗಿಲ ಹೊರಗೆ ಕಾದೆವು.

ನನ್ನ ಕೆಲಸ ಮುಂದಿನ ವರ್ಷ ಖಾಯಂ ಆಯಿತು. ಡಾಕ್ಟರಿಗೆ ಬೇಸಿಗೆಯಲ್ಲೇ ದೂರದ ಜಿಲ್ಲೆಗೆ ವರ್ಗವಾಯಿತು. ಆ ಚಿತ್ರ ನಮ್ಮ ಶಾಲೆಯ ಮೊಗಸಾಲೆಯಲ್ಲಿ, ಬಟ್ಟೆ ಹರಿದು ಬಣ್ಣ ಉದುರುವವರೆಗೆ, ಎಷ್ಟೋ ವರ್ಷದ ಹುಡುಗಿಯರನ್ನು ನೋಡಿತು. ರಜಾಕ್ ಈಗಿಲ್ಲ, ಅಪ್ಪನೂ ಇಲ್ಲ. ಆದರೆ ಆ ವರ್ಷ ಎಂದರೆ ನನ್ನ ಕಣ್ಣಿಗೆ ಬರುವುದು ಕಡೂರಿನಿಂದ ವಾಪಸಾದ ಆ ಸಂಜೆ.

ತರೀಕೆರೆಗೆ ಹೊರಟಿದ್ದ ತೆಂಗಿನಕಾಯಿ ಲಾರಿಯೊಂದರಲ್ಲಿ ಜಾಗ ಸಿಕ್ಕಿತ್ತು. ಚಿತ್ರದ ಬಟ್ಟೆಯನ್ನು ಡೈನೋಸಾರಿನ ತಲೆಯ ಕಡೆಯಿಂದ ಸುತ್ತಿ ಚೀಲಗಳ ಮೇಲೆ ಹಾಕಿದ್ದೆವು. ಲಾರಿ ಬೀರೂರು ದಾಟುವಷ್ಟರಲ್ಲಿ ಕಟ್ಟಿದ್ದ ಹುರಿ ಸಡಿಲಿ, ಸುರುಳಿಯ ತುದಿ ಬಿಚ್ಚಿಕೊಂಡು ಹಿಂದಕ್ಕೆ ಜಾರಿತು. ಬಿಚ್ಚಿಕೊಂಡದ್ದು ಬಾಲದ ಭಾಗ. ಲಾರಿಯ ಹಿಂದೆ ಅದು ಪಟಪಟ ಹೊಡೆದುಕೊಳ್ಳುತ್ತ ಧೂಳಿನ ಕಡೆಗೆ ಇಳಿಯಿತು. ಹಿಂದಿನಿಂದ ಮೋಟಾರ್ ಬೈಕಿನಲ್ಲಿ ಬರುತ್ತಿದ್ದ ಡಾಕ್ಟರು ಒಂದು ಕೈ ಬಿಟ್ಟು "ಮೇಲೆ, ಮೇಲೆ," ಎಂದು ಸನ್ನೆ ಮಾಡಿದರು. ರಜಾಕ್ ಮುಗ್ಗರಿಸುತ್ತ ಹೋಗುವಷ್ಟರಲ್ಲಿ ಅಪ್ಪ ಅದರ ಅಂಚು ಹಿಡಿದಾಗಿತ್ತು. ಲಾರಿ ನಿಲ್ಲಿಸಿ ಮತ್ತೆ ಸುತ್ತೋಣ ಎಂದು ನಾನು ಅಂದರೆ ಅವರು ಒಪ್ಪಲಿಲ್ಲ.

ರಸ್ತೆ ಬದಿಯ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ಸೊಂಟ ನೇರ ಮಾಡಿ ನಿಂತು, ಸಂಜೆ ಬಿಸಿಲಿನಲ್ಲಿ ಲಾರಿಯ ಹಿಂದೆ ಹಾರುತ್ತ ಹೋಗುವ ಬೂದುಬಣ್ಣದ ಬಾಲವನ್ನು ನೋಡಿದರು. ಅಪ್ಪ ಕಾಯಿಚೀಲಗಳ ಮೇಲೆ ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು, ತರೀಕೆರೆ ಮುಟ್ಟುವವರೆಗೂ ನೆಲಕ್ಕೆ ತಾಗಗೊಡಲಿಲ್ಲ.